ಎಲ್ಲ ಪೈಪಿಗೂ ಇದು ಆಗುವುದಿಲ್ಲ
ರಸ್ತೆ ಅಗೆಯದೆ ಒಳಚರಂಡಿ ಪೈಪ್ ಸರಿ ಮಾಡುವುದು ಹೊಸ ವಿಧಾನ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಅಷ್ಟೇನೂ ಹೊಸದಲ್ಲ. ಎಂಜಿನಿಯರ್ ಎರಿಕ್ ವುಡ್ 1971ರಲ್ಲೇ ಲಂಡನ್ನಿನಲ್ಲಿ ಮಾಡಿ ತೋರಿಸಿದ್ದರು. ರೆಸಿನ್ ಎಂಬ ಅಂಟಿನಂಥ ದ್ರವದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಮ್ಯಾನ್‌ಹೋಲ್‌ನಿಂದ ಒಳಗೆ ಬಿಡುತ್ತಾರೆ. ನೀರಿನ ಒತ್ತಡಕ್ಕೆ ಅದು ಕಾಲುಚೀಲ ಮಗುಚಿದ ಹಾಗೆ ಮುಂದೆ ಸಾಗಿ ಹಳೇ ಪೈಪಿನ ಒಳಮೈಗೆ ಅಂಟುತ್ತದೆ. ಬಿಸಿನೀರು ಹರಿಸಿದರೆ ಗಟ್ಟಿಯಾಗುತ್ತದೆ. ನಾಜೂಕಿನ ಕೆಲಸ ಇರುವುದು ಆಮೇಲೆ. ಈ ಹೊಸ ಪದರದಿಂದ ಮುಚ್ಚಿಹೋದ ಮನೆ ಕನೆಕ್ಷನ್‌ಗಳನ್ನು ರೋಬಾಟ್ ಕಟ್ಟರ್ ಇಳಿಸಿ ಒಳಗಿಂದಲೇ ಕೊರೆಯಬೇಕು. ಒಂದು ಬಿಟ್ಟುಹೋದರೂ ಆ ಮನೆಯ ಬಚ್ಚಲು ಉಕ್ಕುತ್ತದೆ, ಅಲ್ವಾ? ಲೇಖನದಲ್ಲಿ ಇಲ್ಲದ ಮಾತು ಇನ್ನೊಂದಿದೆ. ಪೈಪ್ ಪೂರ್ತಿ ಕುಸಿದಿದ್ದರೆ ಕೊಳವೆ ತೂರುವುದೇ ಇಲ್ಲ. ಇಳಿಜಾರು ಕೆಟ್ಟಿದ್ದರೂ ಪ್ರಯೋಜನವಿಲ್ಲ, ಹಳೇ ಪೈಪಿನ ಡೊಂಕೇ ಹೊಸದಕ್ಕೂ ಬರುತ್ತದೆ. ಅಂಥ ಕಡೆ ಅಗೆಯಲೇಬೇಕು. ಅದಕ್ಕೇ ಮೊದಲು ಕ್ಯಾಮೆರಾ ಬಿಟ್ಟು ನೋಡುವುದು.