ಕುರ್ಚಿ ಹಿಡಿದವನ ನಿಘಂಟು

ನಾಟಕದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಮೇಜು, ಎರಡು ಕುರ್ಚಿ. ಪಾತ್ರ ಕೇಳಿಕೊಂಡು ಹೋಗಿದ್ದೆ. ನಿರ್ದೇಶಕರು ನಾಲ್ಕು ಸಾಲು ಓದಿಸಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ "ಭಾರ ಎತ್ತಿ ಅಭ್ಯಾಸ ಇದೆಯಾ?" ಎಂದರು. ಎರಡನೇ ದೃಶ್ಯ ಮುಗಿದು ದೀಪ ಆರಿದ ಕೂಡಲೇ, ಹನ್ನೆರಡು ಎಣಿಸುವಷ್ಟರಲ್ಲಿ, ಮೇಜನ್ನು ಒಳಗೆಳೆದು ಕುರ್ಚಿಗಳನ್ನು ಗುರುತಿನ ಮೇಲಿಟ್ಟು ಮಾಯವಾಗಬೇಕು. ಅಷ್ಟೇ ಕೆಲಸ. ನಾಟಕದ ಪರಿಭಾಷೆಯನ್ನೆಲ್ಲ ನಾನು ಕಲಿತದ್ದು ಹೀಗೆ ಕುರ್ಚಿ ಹೊರುತ್ತ.

ಮೊದಲ ಪಾಠ ಎಡ-ಬಲದ್ದು. "ಕುರ್ಚಿ ಬಲಕ್ಕೆ" ಎಂದರು. ಹೇಳಿದವರು ಪ್ರೇಕ್ಷಕರ ಜಾಗದಲ್ಲಿ ಕೂತಿದ್ದಾರಲ್ಲ, ಅವರ ಬಲಕ್ಕೆ ಇಟ್ಟೆ. ತಪ್ಪು. ರಂಗದ ಮೇಲಿನ ಎಡ-ಬಲಗಳೆಲ್ಲ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನವು. ಎರಡನೇ ಪಾಠ ಇನ್ನೂ ಅವಮಾನದ್ದು. "ಇನ್ನೊಂಚೂರು ಮೇಲೆ ಹೋಗಲಿ" ಎಂದಾಗ ನಾನು ಕುರ್ಚಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಮುಂದಿನ ಅಪ್ಪಣೆಗೆ ಕಾದೆ. ತಾಲೀಮು ಐದು ನಿಮಿಷ ನಿಂತುಹೋಯಿತು. ಮೇಲೆ ಎಂದರೆ ಹಿಂದೆ, ಕೆಳಗೆ ಎಂದರೆ ಪ್ರೇಕ್ಷಕರ ಹತ್ತಿರ. ಯುರೋಪಿನ ಹಳೆಯ ರಂಗಮಂದಿರಗಳಲ್ಲಿ ವೇದಿಕೆಯ ನೆಲ ಹಿಂದಕ್ಕೆ ಹೋದಂತೆ ನಿಜವಾಗಿಯೂ ಏರುತ್ತಿತ್ತು. ಆಮೇಲೆ ನೆಲ ಮಟ್ಟಸವಾಯಿತು, ಮಾತು ಮಾತ್ರ ಇನ್ನೂ ಇಳಿಜಾರಿನಲ್ಲೇ ನಿಂತಿದೆ. ನಮ್ಮ ತಂಡದ ಹಿರಿಯ ನಟರೊಬ್ಬರಿಗೆ ಈ 'ಮೇಲೆ'ಯ ಮರ್ಮ ಚೆನ್ನಾಗಿ ಗೊತ್ತಿತ್ತು. ಎದುರಿನವನು ಮಾತು ಶುರು ಮಾಡಿದನೆಂದರೆ ಇವರು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಪಾಪ, ಅವನು ಇವರತ್ತ ತಿರುಗಿ, ತನ್ನ ಅತ್ಯುತ್ತಮ ಸಂಭಾಷಣೆಯನ್ನು ಪ್ರೇಕ್ಷಕರಿಗೆ ಬೆನ್ನು ಹಾಕಿ ಹೇಳಬೇಕಾಗುತ್ತಿತ್ತು.

ವಿಂಗ್‌ನಲ್ಲಿ, ಎಂದರೆ ರಂಗದ ಪಕ್ಕದ ಮರೆಯಲ್ಲಿ, ನಿಂತು ಕಾಯುವುದು ಬಹಳ, ಕೆಲಸ ಕಡಿಮೆ. ಹಾಗೆ ಕಾಯುವಾಗ ನನಗೆ ಹೊಳೆದದ್ದು, ನಾಟಕದ ಶಬ್ದಗಳಲ್ಲಿ ಮುಕ್ಕಾಲು ಪಾಲು ಪ್ರೇಕ್ಷಕರ ಕಣ್ಣಿಗೆ ಬೀಳಬಾರದವುಗಳ ಹೆಸರುಗಳು. ಸೀನ್ ಎನ್ನುತ್ತೇವಲ್ಲ, ಅದರ ಮೂಲ ಗ್ರೀಕರ ಸ್ಕೀನೆ. ಎಂದರೆ ಡೇರೆ, ನಟರು ಮರೆಯಾಗಿ ವೇಷ ಬದಲಿಸುತ್ತಿದ್ದ ಗುಡಾರ. ನಾವು ದೃಶ್ಯ ಎಂದು ಕರೆಯುವುದರ ಬೇರು ಹೀಗೆ ಅದೃಶ್ಯದಲ್ಲಿದೆ. ಸಂಸ್ಕೃತದ ನೇಪಥ್ಯವೂ ಅದೇ ಜಾತಿಯದು. ಬಣ್ಣ ಹಚ್ಚಿಕೊಳ್ಳುವ ಕೋಣೆಗೂ ಅದೇ ಹೆಸರು, ತೊಟ್ಟ ವೇಷಕ್ಕೂ ಅದೇ ಹೆಸರು. ಎಲ್ಲಿ ಅಡಗಿದೆ, ಏನು ತೊಟ್ಟು ಹೊರಬಂದೆ ಎರಡೂ ಒಂದೇ ಎಂದು ಯಾರು ತೀರ್ಮಾನಿಸಿದರೋ, ಅವರು ಬಣ್ಣದ ಕೋಣೆಯಲ್ಲಿ ಕಾಲ ಕಳೆದವರೇ ಇರಬೇಕು.

ಸೂತ್ರಧಾರನಿಗೆ ಬಂದ ಗತಿ ನೆನೆದರೆ ಬೇಜಾರಾಗುತ್ತದೆ. ಸಂಸ್ಕೃತ ನಾಟಕದಲ್ಲಿ ನಾಂದಿ, ಎಂದರೆ ಮೊದಲ ಸ್ತುತಿ, ಮುಗಿದ ಮೇಲೆ ಬಂದು, ಇವತ್ತು ಇಂಥ ಕವಿಯ ಇಂಥ ನಾಟಕ ಎಂದು ಮರ್ಯಾದೆಯಾಗಿ ತಿಳಿಸಿ ಹೋಗುತ್ತಿದ್ದವನು. ಈಗ ಅವನ ಹೆಸರು ಕಾಣುವುದು ಪತ್ರಿಕೆಯ ಅಪರಾಧ ಸುದ್ದಿಯಲ್ಲಿ: ದರೋಡೆಯ ಸೂತ್ರಧಾರ, ಹಗರಣದ ಸೂತ್ರಧಾರ.

ಪಾತ್ರ ಎಂಬ ಮಾತನ್ನು ಮಾತ್ರ ಕನ್ನಡ ಕೆಡಿಸಲಿಲ್ಲ, ಸಂಸ್ಕೃತದಲ್ಲಿದ್ದ ಅರ್ಥಗಳನ್ನು ಹಾಗೆಯೇ ಉಳಿಸಿಕೊಂಡಿತು. ತುಂಬಿಸುವ ಪಾತ್ರೆ, ಹೊಳೆ ಹರಿಯುವ ಪಾತ್ರ, ಮೆಚ್ಚುಗೆಗೆ ಪಾತ್ರ, ನಾಟಕದ ಪಾತ್ರ. ಒಳ್ಳೆಯ ನಟ ಕೈಗೆ ಬಂದ ಖಾಲಿ ಪಾತ್ರೆಯಲ್ಲಿ ತನ್ನನ್ನು ಸುರಿದುಕೊಂಡು ಅದರ ಆಕಾರಕ್ಕೆ ಬರುತ್ತಾನೆ. ಮಳೆಗಾಲದ ಹೊಳೆಯಂಥ ನಟರೂ ಉಂಟು, ಅವರು ಪಾತ್ರ ಮೀರಿ ಹರಿದು ಅಕ್ಕಪಕ್ಕದವರನ್ನೂ ಮುಳುಗಿಸುತ್ತಾರೆ. ಮೇಲೆ ಹೇಳಿದ ಹಿರಿಯರು ಈ ಎರಡನೇ ಪಂಗಡ.

ನನ್ನ ಪಕ್ಕದಲ್ಲೇ, ಅಂಗೈಯಲ್ಲಿ ಮುಚ್ಚಿದ ಪುಟ್ಟ ಟಾರ್ಚು ಹಿಡಿದು, ನಟರಿಗೆ ಮರೆತ ಮಾತು ಹೇಳಿಕೊಡುವ ಪ್ರಾಂಪ್ಟರ್ ನಿಲ್ಲುತ್ತಿದ್ದ. ಫ್ರೆಂಚಿನಲ್ಲಿ ಅವನನ್ನು ಸೂಫ್ಲರ್ ಎನ್ನುತ್ತಾರೆ. ಊದುವವನು, ಉಸಿರು ಬಿಡುವವನು ಎಂದರ್ಥ. ಕನ್ನಡದಲ್ಲಿ ಈ ನಂಟು ಇನ್ನೂ ಹತ್ತಿರದ್ದು. ಉಸುರು ಎಂದರೆ ಶ್ವಾಸವೂ ಹೌದು, ಹೇಳುವುದೂ ಹೌದು. ಅವನ ಕಷ್ಟ ಮಾತು ಹೇಳಿಕೊಡುವುದರಲ್ಲಿರಲಿಲ್ಲ, ಯಾವಾಗ ಹೇಳಿಕೊಡಬಾರದು ಎಂಬುದರಲ್ಲಿತ್ತು. ನಟ ಮಾತು ಮರೆತು ನಿಂತರೂ ಮೌನ, ಬೇಕೆಂದೇ ಪಾಜ್ ಕೊಟ್ಟರೂ ಮೌನ. ಪಾಜ್‌ನ ನಡುವೆ ಉಸುರಿದರೆ ನಟ ಕೊಲ್ಲುತ್ತಾನೆ, ಮರೆತಾಗ ಉಸುರದಿದ್ದರೆ ನಿರ್ದೇಶಕರು. "ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದೆ. "ಕಣ್ಣು ನೋಡು. ಪಾಜ್ ಕೊಟ್ಟವನು ಎದುರಿನವನನ್ನೇ ನೋಡ್ತಿರ್ತಾನೆ. ಮರೆತವನ ಕಣ್ಣು ಮೇಲಕ್ಕೆ ಹೋಗುತ್ತೆ, ಮಾತು ಅಲ್ಲೆಲ್ಲೋ ತೂಗುಹಾಕಿದೆ ಅನ್ನೋ ಹಾಗೆ." ಮಾರನೆಯ ದಿನದಿಂದ ನಾನೂ ಕಣ್ಣುಗಳನ್ನೇ ನೋಡತೊಡಗಿದೆ. ಅವನ ಮಾತು ಒಂದು ಸಲವೂ ಹುಸಿಯಾಗಲಿಲ್ಲ.

ಮಾತನ್ನು ಬಚ್ಚಿಡುವುದಕ್ಕೆ ಹಳೆಯ ನಾಟಕಕಾರರು ಮಾಡಿಕೊಂಡಿರುವ ಏರ್ಪಾಡುಗಳಂತೂ ನನಗೆ ಅಚ್ಚುಮೆಚ್ಚು. ತನ್ನಲ್ಲೇ ಆಡಿಕೊಂಡರೆ ಸ್ವಗತ. ಹತ್ತಿರ ಇರುವವರನ್ನು ಬಿಟ್ಟು ಒಬ್ಬನೊಡನೆ ಮಾತ್ರ ಆಡಿದರೆ ಜನಾಂತಿಕ. ಅದಕ್ಕೆ ಉಂಗುರ ಬೆರಳು ಮಡಚಿ ಉಳಿದವನ್ನು ನೆಟ್ಟಗೆ ನಿಲ್ಲಿಸಿದ ಕೈಯನ್ನು ಅಡ್ಡ ಹಿಡಿದರೆ ಸಾಕು, ಅದೇ ಗೋಡೆ. ಮೂರಡಿ ದೂರದಲ್ಲಿ ನಿಂತವನಿಗೆ ಕೇಳದ ಗುಟ್ಟು ಕೊನೆಯ ಸಾಲಿನವನಿಗೆ ಸ್ಪಷ್ಟವಾಗಿ ಕೇಳುತ್ತದೆ, ಯಾರೂ ಆಕ್ಷೇಪಿಸುವುದಿಲ್ಲ. ಇನ್ನು ಆಕಾಶಭಾಷಿತ: ಇಲ್ಲದವನ ಜತೆ "ಏನಂದೆ? ನಾಳೆ ಬರ್ತೀಯಾ?" ಎಂದು ಎರಡೂ ಕಡೆಯ ಮಾತನ್ನು ಒಬ್ಬನೇ ನಿಭಾಯಿಸುವುದು. ಮೊಬೈಲ್ ಹಿಡಿದವರನ್ನು ಕಂಡಾಗಲೆಲ್ಲ ನನಗೆ ಈ ಶಬ್ದ ನೆನಪಾಗುತ್ತದೆ.

ಕೊನೆಯ ಸಾಲಿನವನ ಚಿಂತೆ ನಾಟ್ಯಶಾಸ್ತ್ರಕ್ಕೂ ಇತ್ತು. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ರಂಗಮಂದಿರ ಸಾಕು, ಇನ್ನೂ ದೊಡ್ಡದಾದರೆ ಮಾತು ಮಸುಕಾಗುತ್ತದೆ, ಮುಖದ ಭಾವ ಕಾಣುವುದಿಲ್ಲ ಎನ್ನುತ್ತದೆ ಅದು. ಹಸ್ತ ಎಂದರೆ ಮೊಳ, ಆ ಲೆಕ್ಕದಲ್ಲಿ ಸುಮಾರು 29 ಮೀಟರ್ ಉದ್ದ. ಮೈಕು ಬಂದ ಮೇಲೆ ಮಾತಿನ ಚಿಂತೆ ತಪ್ಪಿತು, ಮುಖದ್ದು ತಪ್ಪಿಲ್ಲ.

ಪ್ರೇಕ್ಷಕರ ಎದುರಿಗಿರುವುದು ನಾಲ್ಕನೇ ಗೋಡೆ. ರಂಗದ ಅಂಚಿನಲ್ಲಿ ದೊಡ್ಡ ಗೋಡೆಯೊಂದಿದೆ ಎಂದು ಕಲ್ಪಿಸಿಕೊಂಡು ನಟಿಸಿ ಎಂದು 1758ರಲ್ಲಿ ಫ್ರೆಂಚ್ ಲೇಖಕ ದಿದೆರೋ ಬರೆದ. ನನಗೆ ಆ ಗೋಡೆಗಿಂತ ಕತ್ತಲು ಮುಖ್ಯ. ಮೋಂಬತ್ತಿಯ ಕಾಲದಲ್ಲಿ ಪ್ರೇಕ್ಷಕರೂ ಬೆಳಕಿನಲ್ಲೇ ಕೂರುತ್ತಿದ್ದರು, ದೃಶ್ಯಗಳು ಅವರ ಕಣ್ಣೆದುರೇ ಬದಲಾಗುತ್ತಿದ್ದವು. 1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರು ಇಡೀ ಕಟ್ಟಡಕ್ಕೆ ವಿದ್ಯುತ್ ದೀಪ ಹಾಕಿಸಿತು. ಗುಂಡಿ ಒತ್ತಿದರೆ ಕತ್ತಲು ಎಂಬ ಸೌಕರ್ಯ ರಂಗಕ್ಕೆ ಬಂದಿರದಿದ್ದರೆ ನನ್ನಂಥವನ ಹನ್ನೆರಡು ಎಣಿಕೆ ಎಲ್ಲಿಂದ ಬರಬೇಕು?

ಬ್ಲಾಕೌಟ್ ಎಂದರೆ ಕಪ್ಪು ಎಂದುಕೊಂಡಿದ್ದೆ. ಅಲ್ಲ. ಆರಿದ ದೀಪದ ಹಸಿರು ಗೋಲ ಮೂರು ಎಣಿಸುವವರೆಗೆ ಕಣ್ಣೊಳಗೆ ತೇಲುತ್ತದೆ. ನಾಲ್ಕಕ್ಕೆ ನೆಲದ ಮೇಲಿನ ಹೊಳೆಯುವ ಟೇಪಿನ ಚೂರುಗಳು ಕಾಣತೊಡಗುತ್ತವೆ. ಏಳಕ್ಕೆ ಮೇಜು ಕೂರಬೇಕು, ಒಂಬತ್ತಕ್ಕೆ ಒಂದು ಕುರ್ಚಿ, ಹತ್ತಕ್ಕೆ ಇನ್ನೊಂದು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಾರೆ. ನಾನು ಇದ್ದೇನೆ, ಅವರ ಪಾಲಿಗೆ ಇಲ್ಲ.

ಆರನೇ ಪ್ರದರ್ಶನದಲ್ಲಿ ದೀಪದವನು ಒಂಬತ್ತಕ್ಕೇ ಬೆಳಕು ಕೊಟ್ಟ. ನಾನು ರಂಗದ ನಟ್ಟನಡುವೆ, ಎರಡನೇ ಕುರ್ಚಿಯನ್ನು ತಬ್ಬಿಕೊಂಡು ನಿಂತಿದ್ದೆ. ಆಗ ಪ್ರವೇಶಿಸಿದ ಆ ಹಿರಿಯ ನಟರು ಒಂದು ಕ್ಷಣವೂ ತಡವರಿಸದೆ, "ಅಲ್ಲೇ ಇಡಪ್ಪ. ನಾನಿಲ್ಲದಾಗ ಯಾರಾದರೂ ಬಂದಿದ್ದರಾ?" ಎಂದರು. ಗಂಟಲು ಒಣಗಿತ್ತು. ಇಲ್ಲ ಎಂದು ತಲೆಯಾಡಿಸಿ, ಕುರ್ಚಿ ಇಟ್ಟು ಓಡಿದೆ. ಮುಂದಿನ ದೃಶ್ಯದಲ್ಲಿ ಅವರ ತಮ್ಮ ಮನೆಗೆ ಬಂದುಹೋಗಿದ್ದ ಸಂಗತಿ ಬಯಲಾಗಬೇಕಿತ್ತು, ಬಯಲಾಯಿತು. ಹಾಗಾಗಿ ಅಂದಿನ ಪ್ರೇಕ್ಷಕರ ಮಟ್ಟಿಗೆ ತಮ್ಮನ ಸಂಚಿನಲ್ಲಿ ಮನೆಯ ಆಳೂ ಶಾಮೀಲು. ನಾಟಕ ಮುಗಿದ ಮೇಲೆ ಒಬ್ಬರು ಬಂದು, ಆ ಕೆಲಸದವನ ಪಾತ್ರಕ್ಕೆ ಇನ್ನೂ ಸ್ವಲ್ಪ ಪೋಷಣೆ ಬೇಕಿತ್ತು ಎಂದು ನಿರ್ದೇಶಕರಿಗೆ ಸಲಹೆ ಕೊಟ್ಟರು.

ಮಾರನೆಯ ದಿನ ನೋಡಿದರೆ ಪ್ರಾಂಪ್ಟರ್‌ನ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ಕಂಸದೊಳಗೆ, 'ಆಳು ಕುರ್ಚಿ ಇಟ್ಟು ಹೋಗುವನು' ಎಂದಿತ್ತು. ಅಲ್ಲೊಂದು ಮಾತೂ ಇರಲಿಲ್ಲ, ತಲೆಯಾಡಿಸಿದರೆ ಸಾಕಂತೆ. ನನಗೆ ಬಣ್ಣ ಹಚ್ಚಿದರು, ಹೆಗಲಿಗೊಂದು ವಸ್ತ್ರ ಹಾಕಿದರು. ಬೆಳಕಿನಲ್ಲಿ, ಎಣಿಕೆಯ ಗಡಿಬಿಡಿ ಇಲ್ಲದೆ, ಎಲ್ಲರೂ ನೋಡುತ್ತಿರುವಾಗ ಅದೇ ಕುರ್ಚಿಯನ್ನು ಹೊತ್ತು ನಡೆದೆ. ತಲೆಯಾಡಿಸಿ ವಿಂಗ್‌ಗೆ ಬಂದು ತಿರುಗಿ ನೋಡಿದರೆ, ಕುರ್ಚಿ ಗುರುತಿನಿಂದ ಒಂದು ಗೇಣು ಆಚೆ ಕೂತಿತ್ತು. ಹಿರಿಯ ನಟರು ಅದನ್ನು ಕಾಲಿನಿಂದ ಮೆಲ್ಲಗೆ ಸರಿಸಿಕೊಳ್ಳುತ್ತಿದ್ದರು, ಮೇಲಕ್ಕೆ.