ಉದ್ಯೋಗಸ್ಥರಿಗೆಂದು ಹೇಳಿ ಯಾರಿಗಾಗಿ ಮಾಡಿದ ಕೋರ್ಸುಗಳಿವು?

ಕಿರಿಯ ಸಹೋದ್ಯೋಗಿಯೊಬ್ಬರು ಇಂದು ತಮ್ಮ ಅರೆಕಾಲಿಕ ಪದವಿಯ ಸಂಪರ್ಕ ತರಗತಿಗಳ ವೇಳಾಪಟ್ಟಿಯನ್ನು ತೋರಿಸಿದರು. ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಹಾಜರಾತಿ ಕಡ್ಡಾಯ. ಅದೇ ಸಂಸ್ಥೆಯ ಕೈಪಿಡಿಯಲ್ಲಿ ಇದು ಉದ್ಯೋಗಸ್ಥರಿಗಾಗಿಯೇ ರೂಪಿಸಿದ ಕೋರ್ಸು ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ಉದ್ಯೋಗಸ್ಥರೆಂದರೆ ಸದಾ ರಜೆಯಲ್ಲಿರುವವರು ಎಂದು ಅಲ್ಲಿನವರು ತಿಳಿದಿರಬೇಕು.

ನಾನೂ ಕೆಲಸ ಮಾಡುತ್ತಲೇ ಸ್ನಾತಕೋತ್ತರ ಪದವಿ ಮುಗಿಸಿದವನೆಂಬುದು ಇಲ್ಲಿರುವ ಬಹುತೇಕರಿಗೆ ಗೊತ್ತು. ಆದ್ದರಿಂದ ನನ್ನಿಂದ ನಿರ್ಲಿಪ್ತ ವಿಮರ್ಶೆಯನ್ನು ನಿರೀಕ್ಷಿಸಬೇಡಿ.

ಎಲ್ಲಿ ಓದಿದಿರಿ ಎಂದು ಕೇಳದೆ ಪರೀಕ್ಷೆಗೆ ಕೂರಲು ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ಅವಕಾಶ ಕೊಟ್ಟಿತು. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಪಾಠಗಳನ್ನು ಬಿಬಿಸಿ ನಸುಕಿನಲ್ಲೂ ತಡರಾತ್ರಿಯಲ್ಲೂ ಪ್ರಸಾರ ಮಾಡುತ್ತಿತ್ತು, ಏಕೆಂದರೆ ದುಡಿಯುವವನಿಗೆ ಬಿಡುವು ಸಿಗುವುದೇ ಆಗ. ಅಲ್ಲಿನ ಆನರ್ಸ್ ಪದವಿಗೆ 360 ಕ್ರೆಡಿಟ್ ಬೇಕು. ವರ್ಷಕ್ಕೆ 60ರಂತೆ ತೆಗೆದುಕೊಂಡರೆ ಆರು ವರ್ಷ. ಒಂದು ಕ್ರೆಡಿಟ್ಟಿಗೆ ಸುಮಾರು 10 ಗಂಟೆಯ ಓದು ಎಂಬುದು ಅಲ್ಲಿನ ಲೆಕ್ಕ, ಅಂದರೆ ವರ್ಷಕ್ಕೆ 600 ಗಂಟೆ. ನಿದ್ದೆಯಿಂದಲೋ ಮಕ್ಕಳ ಜೊತೆಗಿನ ಹೊತ್ತಿನಿಂದಲೋ ಇಷ್ಟನ್ನು ಹೇಗೋ ಕಿತ್ತು ತರುವವರ ಮೇಲೆ ವಾರದ ನಡುವಿನ ಕಡ್ಡಾಯ ಹಾಜರಾತಿಯನ್ನೂ ಹೇರುವುದು ಯಾವ ನ್ಯಾಯ?

ಮುಖಾಮುಖಿ ಪಾಠವಿಲ್ಲದಿದ್ದರೆ ಗುಣಮಟ್ಟ ಕುಸಿಯುತ್ತದೆ ಎನ್ನುವವರಿದ್ದಾರೆ. ಪ್ರಯೋಗಾಲಯದ ವಿಷಯಗಳಿಗೆ ಈ ಮಾತು ಒಪ್ಪತಕ್ಕದ್ದೇ, ಮನೆಯಲ್ಲಿ ಒಂಟಿಯಾಗಿ ಓದುವವರು ನಡುವೆ ಕೈಬಿಡುವುದೂ ಹೆಚ್ಚು. ಆದರೆ ಮಂಗಳವಾರ ಹನ್ನೊಂದು ಗಂಟೆಗೆ ಇರುವ ಗುಣಮಟ್ಟ ಶನಿವಾರ ಸಂಜೆ ಎಲ್ಲಿಗೆ ಹೋಗುತ್ತದೆ? ಇವರು ಕಾಪಾಡುತ್ತಿರುವುದು ಗುಣಮಟ್ಟವನ್ನಲ್ಲ, ತಮ್ಮ ವಾರಾಂತ್ಯವನ್ನು.

ನಿಜ ಹೇಳುತ್ತೇನೆ, ಎರಡನೆಯ ವರ್ಷದಲ್ಲಿ ನಾನು ಓದನ್ನು ಬಿಟ್ಟೇಬಿಡುವವನಿದ್ದೆ. ಪಾಠ ಕಷ್ಟವಾಗಿ ಅಲ್ಲ. ಪರೀಕ್ಷೆಯ ದಿನಾಂಕ ಕೊನೆಗಳಿಗೆಯಲ್ಲಿ ಮುಂದಕ್ಕೆ ಹೋಗಿ, ಮಂಜೂರಾದ ರಜೆ ವ್ಯರ್ಥವಾಗಿ, ಮೇಲಧಿಕಾರಿಯ ಮುಂದೆ ಮತ್ತೆ ಕೈಕಟ್ಟಿ ನಿಲ್ಲಬೇಕಾದ ಅವಮಾನಕ್ಕೆ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಸೇರುವ ಯೋಚನೆಯಲ್ಲಿರುವ ಸ್ನೇಹಿತರು ಶುಲ್ಕ ಕಟ್ಟುವ ಮುನ್ನವೇ ಇಡೀ ವರ್ಷದ ವೇಳಾಪಟ್ಟಿಯನ್ನು ಕೇಳಿ. ಒಂದು ಅವಧಿ ಓದು ನಿಲ್ಲಿಸಿದರೆ ಗಳಿಸಿದ ಕ್ರೆಡಿಟ್ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನೂ ಬರವಣಿಗೆಯಲ್ಲೇ ಪಡೆಯಿರಿ. ಸೇರಿದ ಮೇಲೆ ಹೇಳುತ್ತೇವೆ ಎಂದರೆ ಅರ್ಜಿಯನ್ನು ವಾಪಸು ತನ್ನಿ.