ಚೌಕಟ್ಟಿನೊಳಗಿನ ಪ್ರಮಾಣಪತ್ರ

ಕಳೆದ ರಜೆಯಲ್ಲಿ ಮುಂಬಯಿಗೆ ಹೋದಾಗ, ಹಿಂದೊಮ್ಮೆ ನಾನು ಕ್ಲೀನರ್ ಆಗಿ ಸೇರಿದ್ದ ಮಾಟುಂಗದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಪಕ್ಕದಲ್ಲೇ ಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ ಕಂಡಿತು. ಅದು ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಟ್ಯಾಕ್ ತರಬೇತಿಯದು. 25 ಕೆಲಸಗಾರರಿಗೆ ತರಬೇತಾದ ಒಬ್ಬ ಮೇಲ್ವಿಚಾರಕನಾದರೂ ಇರಬೇಕೆಂಬ ನಿಯಮಕ್ಕಾಗಿ ಅಲ್ಲಿನ ಹಿರಿಯ ಸಪ್ಲಾಯರ್ ಅದನ್ನು ಪಡೆದಿದ್ದರು. ಸಂಬಳವೇನಾದರೂ ಏರಿತೇ ಎಂದು ಕೇಳಿದೆ. "ಸಂಬಳ ಎಂತದೂ ಇಲ್ಲ ಮಾರಾಯ್ರೆ, ಫ್ರೇಮಿನ ಖರ್ಚು ಧನಿಗಳೇ ಕೊಟ್ರು" ಎಂದು ನಕ್ಕರು.

ಹೋಟೆಲಿನ ಹುಡುಗರಿಗೆ ಓದುವ ಹಂಬಲವಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನನಗಿಂತ ಹಿಂದಿನ ತಲೆಮಾರಿನವರು ಹಗಲೆಲ್ಲ ಮೇಜು ಒರೆಸಿ, ಸಂಜೆ ಕೈಗೆ ಹತ್ತಿದ ಸಾಂಬಾರಿನ ವಾಸನೆ ತೊಳೆದುಕೊಂಡು, ಮೊಗವೀರ ರಾತ್ರಿ ಶಾಲೆಯಂಥ ಕನ್ನಡ ಶಾಲೆಗಳಿಗೆ ಓಡಿ ಮೆಟ್ರಿಕ್ ಮುಗಿಸಿದವರು. ಆದರೆ ಅವರಲ್ಲಿ ಬಹಳಷ್ಟು ಜನರ ಓದಿನ ಹಿಂದಿದ್ದದ್ದು ಹೋಟೆಲಿನಿಂದ ಪಾರಾಗಿ ಬ್ಯಾಂಕನ್ನೋ ಕಚೇರಿಯನ್ನೋ ಸೇರುವ ಆಸೆ. ಅಲ್ಲೇ ಉಳಿದವರು ಕ್ಲೀನರಿನಿಂದ ಸಪ್ಲಾಯರ್, ಸಪ್ಲಾಯರಿನಿಂದ ಗಲ್ಲಾ ಎಂದು ಮೇಲೇರಿದ್ದು ಧನಿಗಳ ನಂಬಿಕೆ ಮತ್ತು ಊರಿನ ಪರಿಚಯದ ಬಲದಿಂದ. ಅದಕ್ಕೆ ಕಾಗದದ ಅಗತ್ಯವೇ ಬೀಳಲಿಲ್ಲ.

ಹೆಂಡತಿಯ ಉದ್ಯೋಗದ ದೆಸೆಯಿಂದ ಮ್ಯೂನಿಕ್ ಸೇರಿದ ನನಗೆ ಬೇರೆಯೇ ರೀತಿ ಎದುರಾಯಿತು. ಜರ್ಮನಿಯಲ್ಲಿ ಬಡಿಸುವ ಕೆಲಸಕ್ಕೂ ಕಲಿತು, ಪರೀಕ್ಷೆ ಕೊಟ್ಟು ಪಡೆಯುವ ವೃತ್ತಿ ಪ್ರಮಾಣಪತ್ರವುಂಟು. ಸಾಮಾನ್ಯವಾಗಿ ಮೂರು ವರ್ಷ, ಹೋಟೆಲಿನಲ್ಲಿ ದುಡಿಯುತ್ತ, ಭತ್ಯೆ ಪಡೆಯುತ್ತ, ನಡುನಡುವೆ ವೃತ್ತಿಶಾಲೆಗೆ ಹೋಗಿ, ಕೊನೆಗೆ ವಾಣಿಜ್ಯ ಮಂಡಳಿಯ ಪರೀಕ್ಷೆಗೆ ಕೂರಬೇಕು. ಶಾಲೆಯ ಮೆಟ್ಟಿಲು ಹತ್ತದೆ ಕೆಲಸ ಮಾಡುತ್ತಲೇ ಕಲಿತವರಿಗೂ ದಾರಿಯುಂಟು: ತರಬೇತಿಯ ಅವಧಿಯ ಒಂದೂವರೆ ಪಟ್ಟು, ಅಂದರೆ ನಾಲ್ಕೂವರೆ ವರ್ಷ ಆ ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಿದರೆ ನೇರವಾಗಿ ಅದೇ ಪರೀಕ್ಷೆಗೆ ಕೂರಬಹುದು. ನಾನು ಹೋದದ್ದು ಹಾಗೆ. ಪರೀಕ್ಷಕರೇ ಗಿರಾಕಿಗಳಾಗಿ ಮೇಜಿಗೆ ಕೂತು, ಸಾಸಿನಲ್ಲಿ ಏನೇನಿದೆ, ಹಾಲು ಒಗ್ಗದವರಿಗೆ ಏನು ಕೊಡುತ್ತೀರಿ ಎಂದು ಕೆದಕಿ ಕೇಳಿದಾಗ, ಒಂದು ಕೈಯಲ್ಲಿ ಆರು ಲೋಟ ಹಿಡಿದು ಬರುತ್ತಿದ್ದ ನನ್ನ ಮಾಟುಂಗದ ವಿದ್ಯೆ ಯಾವ ಉಪಯೋಗಕ್ಕೂ ಬರಲಿಲ್ಲ.

ಇಷ್ಟು ಕಷ್ಟಕ್ಕೆ ಜನ ಏಕೆ ಬೀಳುತ್ತಾರೆಂದರೆ, ಕಾರ್ಮಿಕ ಸಂಘ ಮತ್ತು ಮಾಲೀಕರ ಸಂಘದ ಒಪ್ಪಂದಕ್ಕೆ ಒಳಪಟ್ಟ ಹೋಟೆಲುಗಳಲ್ಲಿ ತರಬೇತಿ ಮುಗಿಸಿದವನ ವೇತನಶ್ರೇಣಿಯೇ ಬೇರೆ, ಆ ಕಾಗದವನ್ನು ಹಿಡಿದು ನಾಳೆ ಹ್ಯಾಂಬರ್ಗಿಗೆ ಹೋದರೂ ಮತ್ತೆ ಕೆಳಗಿನಿಂದ ಆರಂಭಿಸಬೇಕಾಗಿಲ್ಲ. ನನ್ನ ಮಟ್ಟಿಗೆ ಇನ್ನೊಂದು ಕಾರಣವೂ ಇತ್ತು, ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆ: ಮಗಳ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ 'ಸಹಾಯಕ' ಎಂದು ಬರೆದು ಬರೆದು ಸಾಕಾಗಿತ್ತು.

ಜರ್ಮನರ ಪದ್ಧತಿಯನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಕೆಲಸ ಬಲ್ಲವನನ್ನೂ ಅದು ಭಾಷೆಯ ಬಾಗಿಲಲ್ಲೇ ತಡೆಯುತ್ತದೆ. ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದಿನಿಂದಲೇ ಬಿಸಿಯ ಹದ ತಿಳಿಯುವ ದೋಸೆ ಭಟ್ಟರಿಗೆ ಅಲ್ಲಿನ ಪಠ್ಯಕ್ರಮದಲ್ಲಿ ಸ್ಥಳವಿಲ್ಲ. ನಮ್ಮಲ್ಲೂ ಕೌಶಲ ಯೋಜನೆಯಡಿ, ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ನನ್ನ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ. ಪರೀಕ್ಷೆ ಪಾಸಾದ ಸಪ್ಲಾಯರಿಗೆ ತಿಂಗಳಿಗೆ ಇಷ್ಟು ಹೆಚ್ಚೆಂದು ಹೋಟೆಲ್ ಮಾಲೀಕರ ಸಂಘಗಳು ತಾವಾಗಿ ಗೊತ್ತುಮಾಡಿ ಅಡುಗೆಮನೆಯ ಬಾಗಿಲಿಗೆ ಬರೆದು ಅಂಟಿಸಿದರೆ, ಹುಡುಗರಿಗೆ ಪ್ರೇರಣೆಯ ಭಾಷಣ ಏರ್ಪಡಿಸುವ ಖರ್ಚು ಉಳಿಯುತ್ತದೆ. ಮಾಟುಂಗದ ಆ ಹಿರಿಯರು ಹೊರಡುವಾಗ ನನ್ನನ್ನು ಕೇಳಿದ್ದೂ ಪರೀಕ್ಷೆ ಕಷ್ಟವೇ ಎಂದಲ್ಲ, ಪಾಸಾದ ಮೇಲೆ ಎಷ್ಟು ಹೆಚ್ಚಿತು ಎಂದು.